ಪಿನ್ ಪಾಸಾದ ಸೋದರಮಾವ

ಮಗಳ ಮದುವೆಯ ಒಂದೇ ಒಂದು ಕಾಗದ ದಾರಿ ತಪ್ಪಿದರೂ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಸೀತಾರಾಮಪ್ಪನವರು ಶಪಥ ಮಾಡಿದಾಗ ಅವರ ಹೆಂಡತಿ ವಿಶಾಲಮ್ಮ ಹಲಸಿನ ಹಪ್ಪಳ ಒತ್ತುತ್ತಿದ್ದರು. ತಲೆ ಎತ್ತಿ ಮೀಸೆಯನ್ನೊಮ್ಮೆ ನೋಡಿದರು, ಮತ್ತೆ ಹಪ್ಪಳಕ್ಕೆ ಕೈ ಹಾಕಿದರು. ಇಷ್ಟು ವರ್ಷದ ಸಂಸಾರದಲ್ಲಿ ಆ ಮೀಸೆ ಇಂಥ ಎಷ್ಟೋ ಶಪಥಗಳನ್ನು ಕೂದಲೂ ಕೊಂಕದೆ ದಾಟಿ ಬಂದಿತ್ತು.

ಆದರೆ ಈ ಸಲದ ಶಪಥಕ್ಕೆ ಬಲವಾದ ಆಧಾರ ಇತ್ತು. ಸೀತಾರಾಮಪ್ಪನವರು ಹೆಡ್ ಕ್ಲಾರ್ಕ್ ಆಗಿದ್ದ ಸಾಗರದ ಸಹಕಾರ ಸಂಘಕ್ಕೆ ಹಿಂದಿನ ವರ್ಷ, ಅಂದರೆ ಎಂಬತ್ತೇಳರಲ್ಲಿ, ಕಂಪ್ಯೂಟರ್ ಬಂದಿತ್ತು. ಅದಕ್ಕೊಂದು ಬೇರೆ ಕೋಣೆ, ಕೋಣೆಗೊಂದು ಏಸಿ, ಕಿಟಕಿಗೆ ದಪ್ಪ ಪರದೆ, ಬಾಗಿಲಲ್ಲಿ ‘ಪಾದರಕ್ಷೆಗಳನ್ನು ಹೊರಗೆ ಬಿಡಿ’ ಎಂಬ ಬೋರ್ಡು. ಸಂಘದ ಅಧ್ಯಕ್ಷರು ಮೊದಲ ದಿನ ಅದರ ಮುಂದೆ ಕಾಯಿ ಒಡೆದು, ನಿಂಬೆಹಣ್ಣು ಇಟ್ಟು, ಮಂಗಳಾರತಿ ಎತ್ತಿ, ಅದನ್ನು ಮಾತ್ರ ಮುಟ್ಟದೆ ಹೊರಗೆ ಬಂದಿದ್ದರು. ಮುಟ್ಟುವ ಅಧಿಕಾರ ಇದ್ದದ್ದು ಸೀತಾರಾಮಪ್ಪನವರೊಬ್ಬರಿಗೇ. ಬೆಂಗಳೂರಿನಲ್ಲಿ ಒಂದು ತಿಂಗಳು ತರಬೇತಿ ಮುಗಿಸಿ ಬಂದಿದ್ದರಲ್ಲ! ಆ ಗರ್ಭಗುಡಿಗೆ ಅವರೇ ಅರ್ಚಕರು.

ಆ ತರಬೇತಿಯಲ್ಲಿ ಕಲಿಸಿದ್ದರಲ್ಲಿ ಮುಕ್ಕಾಲು ಪಾಲು ಬೆಂಗಳೂರಿನ ಬಸ್‌ಸ್ಟ್ಯಾಂಡಿನಲ್ಲೇ ಉಳಿಯಿತು. ಸಾಗರದವರೆಗೆ ಜೊತೆಗೆ ಬಂದದ್ದು ಒಂದೇ ಒಂದು ಸಾಲು. ಅದರ ಹೆಸರು ರೆಗ್ಯುಲರ್ ಎಕ್ಸ್‌ಪ್ರೆಶನ್. ಬರೆದದ್ದರ ಆಕಾರ ಹೀಗೇ ಇರಬೇಕು, ಇಲ್ಲದಿದ್ದರೆ ಒಳಗೆ ಬಿಡಬೇಡ ಎಂದು ಕಂಪ್ಯೂಟರಿಗೆ ಹೇಳಿಕೊಡುವ ಸೂತ್ರ ಅದು. ಸೀತಾರಾಮಪ್ಪನವರು ಅದನ್ನು ಸಂಘದ ಸದಸ್ಯರ ಪಿನ್ ಕೋಡಿಗೆ ಹಚ್ಚಿದರು. ಪಿನ್ ಕೋಡ್ ಬಂದು ಹದಿನೈದು ವರ್ಷ ಕಳೆದಿದ್ದರೂ ಸದಸ್ಯರು ಆ ಜಾಗದಲ್ಲಿ ಏನೇನು ಬರೆದಿದ್ದರು ಅಂತ ಕೇಳಬೇಡಿ. ಕೆಲವರದ್ದು ರೇಷನ್ ಕಾರ್ಡಿನ ನಂಬರು, ಕೆಲವರದ್ದು ಗದ್ದೆಯ ಸರ್ವೆ ನಂಬರು. ಒಬ್ಬ ಪುಣ್ಯಾತ್ಮ ಮಗನ ಎಸ್ಸೆಸ್ಸೆಲ್ಸಿ ರಿಜಿಸ್ಟರ್ ನಂಬರು ಬರೆದು, ಪಕ್ಕದಲ್ಲಿ ‘ಫೇಲ್’ ಅಂತಲೂ ಸೇರಿಸಿದ್ದ. ಸೂತ್ರ ಹಾಕಿದ್ದೇ ತಡ, ಸೊಟ್ಟಗಿದ್ದದ್ದೆಲ್ಲ ‘ಇನ್‌ವ್ಯಾಲಿಡ್’ ಎಂದು ಹೊರಗೆ ಬಿತ್ತು. ಕಾರ್ಯದರ್ಶಿಗಳು ಸೀತಾರಾಮಪ್ಪನವರ ಬೆನ್ನು ತಟ್ಟಿದರು. ತಟ್ಟಿದ್ದು ಬೆನ್ನಿಗಾದರೂ ಏರಿದ್ದು ತಲೆಗೆ.

ಅವತ್ತು ಸಂಜೆ ಮನೆಗೆ ಬಂದವರೇ ಹೆಂಡತಿಗೆ ಪಾಠ ಶುರು ಮಾಡಿದರು.

“ಮುಂದೊಂದು ಟೋಪಿ ಗುರುತು, ಹಿಂದೊಂದು ಡಾಲರ್ ಗುರುತು. ನಡುವೆ ಆರು ಅಂಕಿ. ಮೊದಲನೇದು ಸೊನ್ನೆ ಆಗ್ಬಾರ್ದು. ಇಷ್ಟಿದ್ರೆ ಮಿಶನ್ ಒಪ್ಕೊಳತ್ತೆ.”

“ಆರಕ್ಕಾರೂ ಒಂಬತ್ತೇ ಬರೆದ್ರೆ?”

“ಅದನ್ನೂ ಒಪ್ಕೊಳತ್ತೆ. ಅದು ಆಕಾರ ನೋಡತ್ತೆ ಅಷ್ಟೆ. ಆ ಊರು ಇದೆಯೋ ಇಲ್ವೋ ಅದಕ್ಕೆ ಬೇಕಾಗಿಲ್ಲ.”

“ಹೆಣ್ಣು ನೋಡಕ್ಕೆ ಬರೋರ ಹಂಗೆ,” ಎಂದರು ವಿಶಾಲಮ್ಮ.

ಸೀತಾರಾಮಪ್ಪನವರಿಗೆ ಇದು ಕೇಳಿಸಲಿಲ್ಲ. ಅವರು ಆಗಲೇ ಮಗಳು ಯಮುನಳ ಮದುವೆಯ ವಿಳಾಸಗಳನ್ನು ಸೂತ್ರಕ್ಕೆ ಪೋಣಿಸುವ ಯೋಚನೆಯಲ್ಲಿದ್ದರು. ಹುಡುಗನ ಕಡೆಯವರು ತೀರ್ಥಹಳ್ಳಿಯವರು, ಮದುವೆ ವೈಶಾಖಕ್ಕೆ ಗೊತ್ತಾಗಿತ್ತು. ಮಾಘದಲ್ಲಿ ನೆಂಟರೊಬ್ಬರ ಮನೆಯ ಮದುವೆಗೆ ಹೋದಾಗ, ಊಟಕ್ಕೆ ಕೂತಿದ್ದವರ ಎಲೆಯ ಪಕ್ಕ ಒಂದೊಂದು ಚೀಟಿ ಇಟ್ಟು, ಎಲ್ಲರಿಂದಲೂ ಪಿನ್ ಸಮೇತ ವಿಳಾಸ ಬರೆಸಿಕೊಂಡಿದ್ದರು. ಪಾಯಸ ಬಡಿಸುವವನು ಚೀಟಿಯ ಮೇಲೆ ಪಾಯಸ ಹಾಕಿ ಬೈಸಿಕೊಂಡದ್ದೂ ಆಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಕಡೆಯ ಮನೆಗಳಲ್ಲಿ ಮದುವೆಗೆ ಕರೆಯುವುದು ಅಂದರೆ ಕಾಗದ ಕಳಿಸುವುದಲ್ಲ. ಮನೆಯ ಯಜಮಾನನೇ ಹೋಗಬೇಕು. ಕೊಟ್ಟ ನೀರಿನಲ್ಲಿ ಕಾಲು ತೊಳೆದು, ಜಗಲಿಯಲ್ಲಿ ಕೂತು, ಬೆಲ್ಲ ನೀರು ಕುಡಿದು, ದನಕರುವಿನಿಂದ ಹಿಡಿದು ಅಜ್ಜಿಯ ಮಂಡಿನೋವಿನ ತನಕ ವಿಚಾರಿಸಿ, ಆಮೇಲೆ ಹಿರಿಯರ ಕೈಗೆ ಎಲೆ ಅಡಿಕೆ ಇಟ್ಟು ‘ನೀವೇ ಮುಂದೆ ನಿಂತು ನಡೆಸಿಕೊಡಬೇಕು’ ಅನ್ನಬೇಕು. ಕಾಗದ ಏನಿದ್ದರೂ ತಾರೀಖು ಮರೆಯದಿರಲಿ ಅಂತ. ಬರೀ ಕಾಗದ ಬಂದರೆ ಅದು ತಿಳಿಸಿದಂತೆ, ಕರೆದಂತಲ್ಲ.

ಇದು ಸೀತಾರಾಮಪ್ಪನವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವರಿಗೆ ಬಸ್ಸು ಅಂದರೆ ಆಗದು. ಎರಡು ತಿರುವು ದಾಟುವುದರೊಳಗೆ ಹೊಟ್ಟೆ ತೊಳಸುತ್ತದೆ. ಮೂರು ತಾಲೂಕಿನ ಬಂಧುಬಳಗವನ್ನು ಬಸ್ಸಿನಲ್ಲಿ ಸುತ್ತಿ ಕರೆಯುವಷ್ಟರಲ್ಲಿ ಮದುವೆಗೆ ಹೆಣ್ಣಿನ ಅಪ್ಪನೇ ಉಳಿಯುವುದಿಲ್ಲ ಎಂದು ಅವರ ಲೆಕ್ಕಾಚಾರ. ಆದ್ದರಿಂದ ಸಂಘದ ಏಸಿಯ ತಂಪಿನಲ್ಲಿ ಒಂದು ಭಾನುವಾರ ಅವರಿಗೆ ಜ್ಞಾನೋದಯವಾಯಿತು. ಪಿನ್ ಸರಿಯಿದ್ದವರಿಗೆ ಕಾಗದ ಮುಟ್ಟಿಯೇ ಮುಟ್ಟುತ್ತದೆ, ಅವರಿಗೆ ಅಂಚೆ ಸಾಕು. ಪಿನ್ ಸರಿಯಿಲ್ಲದವರಿಗೆ ಮುಟ್ಟುವ ಭರವಸೆಯಿಲ್ಲ, ಅವರನ್ನು ಮಾತ್ರ ಮನೆಗೆ ಹೋಗಿ ಕರೆದರಾಯಿತು. ಎಂಥ ತರ್ಕ! ಎಲ್ಲಿ ಅಲುಗಾಡಿಸಿದರೂ ಅಲುಗದು. ಅಷ್ಟು ಗಟ್ಟಿಯಾದ ತರ್ಕವನ್ನು ಹೆಂಡತಿಗೆ ಮಾತ್ರ ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಅವರೂ ತಮ್ಮನ್ನು ತಾವು ಕೇಳಿಕೊಂಡರು, ಉತ್ತರ ಹೊಳೆಯದಿದ್ದರಿಂದ ಸುಮ್ಮನಾದರು.

ಒಂದೊಂದೇ ವಿಳಾಸ ಒಳಗೆ ಹೋಯಿತು. ಏಳೆಂಟು ಜನರನ್ನು ಬಿಟ್ಟು ಉಳಿದವರೆಲ್ಲ ಪಾಸು. ಪಾಸಾದವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಪಾಸಾದವರು ಕೆರಿಯಪ್ಪನವರು, ವಿಶಾಲಮ್ಮನ ಸ್ವಂತ ಅಣ್ಣ, ಹೊಸನಗರದ ಆಚೆಯ ಹಳ್ಳಿಯವರು. ‘ಭಾವ ಕಂಪ್ಯೂಟರಿಗೆ ಬೇಕು ಅಂದಿದಾರೆ’ ಎಂದು ಅವರು ಚೀಟಿಯನ್ನು ಅಲ್ಲೇ ಗೀಚಿ ಕೊಡದೆ ಮನೆಗೆ ಒಯ್ದು, ಪೋಸ್ಟಾಫೀಸಿಗೆ ಹೋಗಿ ಕೇಳಿ, 577418 ಎಂದು ಮುತ್ತು ಪೋಣಿಸಿದ ಹಾಗೆ ಬರೆದು ಕಳಿಸಿದ್ದರು. ಒಂದೇ ಏಟಿಗೆ ಒಳಗೆ ಹೋಯಿತು. ಸೀತಾರಾಮಪ್ಪನವರು ‘ಇದಪ್ಪಾ ವಿಳಾಸ’ ಎಂದು ತಲೆದೂಗಿದರು.

ಮದುವೆಯಲ್ಲಿ ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಅವನಿಲ್ಲದೆ ಹುಡುಗಿ ಕೋಣೆಯಿಂದ ಹೊರಗೆ ಕಾಲಿಡುವಂತಿಲ್ಲ. ಯಮುನಳಿಗೆ ಇದ್ದದ್ದು ಒಬ್ಬರೇ ಸೋದರಮಾವ, ಈ ಕೆರಿಯಪ್ಪನವರು.

“ಅಣ್ಣನ್ನ ಕರೆಯೋದು ಯಾವಾಗ?” ಎಂದು ವಿಶಾಲಮ್ಮ ಕೇಳಿದ್ದಕ್ಕೆ, “ಅದೆಲ್ಲ ವ್ಯವಸ್ಥೆ ಆಗಿದೆ, ನೀನು ತಲೆಬಿಸಿ ಮಾಡ್ಕೋಬೇಡ,” ಎಂದರು ಸೀತಾರಾಮಪ್ಪನವರು. ಎಂಥ ವ್ಯವಸ್ಥೆ ಎಂದು ಆಕೆ ಕೇಳಲಿಲ್ಲ. ಕೇಳದೆ ಇದ್ದದ್ದು ಆಕೆಯದೇ ತಪ್ಪು ಎಂಬುದು ಸೀತಾರಾಮಪ್ಪನವರ ಇವತ್ತಿನವರೆಗಿನ ವಾದ.

ಸರಿ, ಕಾಗದಗಳು ಅಂಚೆ ಡಬ್ಬಿಗೆ ಬಿದ್ದವು. ಎಲೆ ಅಡಿಕೆಯ ಚೀಲ ಹೆಗಲಿಗೇರಿಸಿ ಸೀತಾರಾಮಪ್ಪನವರು ಇನ್‌ವ್ಯಾಲಿಡ್‌ಗಳ ದಿಗ್ವಿಜಯಕ್ಕೆ ಹೊರಟರು.

ಮೊದಲನೆಯವರು ಹುಲಿಕಲ್ಲಿನ ವಾಸಪ್ಪ. ಸೀತಾರಾಮಪ್ಪನವರ ಅಜ್ಜಿಯ ತವರಿನ ಕಡೆಯ ಯಾವುದೋ ಎಳೆಯಲ್ಲಿ ನೆಂಟ. ಆರು ಅಂಕಿ ಬರೆಯಬೇಕಾದಲ್ಲಿ ಉದಾರವಾಗಿ ಏಳು ಬರೆದಿದ್ದ. ಹುಲಿಕಲ್ಲಿನ ಬಸ್ಸು ಕೆರಿಯಪ್ಪನವರ ಊರಿನ ಮೇಲೆಯೇ ಹೋಗುತ್ತದೆ. ಊರಿನ ಹೋಟ್ಲಿನ ಮುಂದೆ ಬಸ್ಸು ನಿಂತಾಗ ಹೊರಗಿನ ಬೆಂಚಿನ ಮೇಲೆ ಸ್ವತಃ ಕೆರಿಯಪ್ಪನವರೇ ಚಹಾ ಕುಡಿಯುತ್ತ ಕೂತಿದ್ದರು. ಕಿಟಕಿಯಲ್ಲಿ ಭಾವನ ಮುಖ ಕಂಡದ್ದೇ ಲೋಟ ಕೆಳಗಿಟ್ಟು ಎದ್ದು ನಿಂತರು. ಸೀತಾರಾಮಪ್ಪನವರು ಕೈ ಬೀಸಿದರು. ಇನ್ನೇನು ಇಳಿಯುತ್ತಾರೆ ಎಂದು ಕೆರಿಯಪ್ಪನವರು ಪಂಚೆ ಸರಿಮಾಡಿಕೊಳ್ಳುತ್ತಿರುವಾಗಲೇ ಬಸ್ಸು ಹೊರಟಿತು. ಕೈ ಬೀಸುತ್ತಲೇ ಸೀತಾರಾಮಪ್ಪನವರು ತಿರುವಿನಲ್ಲಿ ಮರೆಯಾದರು.

ಹುಲಿಕಲ್ಲಿನಲ್ಲಿ ವಾಸಪ್ಪನಿಗೆ ಬಂದವರು ಯಾರೆಂದು ಗುರುತು ಹತ್ತಲು ಅರ್ಧ ಗಂಟೆ ಬೇಕಾಯಿತು. ಹತ್ತಿದ ಮೇಲೆ ಅವನ ಸಂತೋಷಕ್ಕೆ ಪಾರವಿಲ್ಲ. “ಇಷ್ಟು ದೂರ ನನ್ನನ್ನೇ ಹುಡುಕ್ಕೊಂಡು ಬಂದ್ರಾ?” ಎಂದು ಕೈ ಹಿಡಿದುಕೊಂಡು ಕೇಳಿದ. ನಿನ್ನ ಪಿನ್ನಿನಲ್ಲಿ ಒಂದು ಅಂಕಿ ಜಾಸ್ತಿ ಇತ್ತು ಎಂದು ಹೇಳುವ ಧೈರ್ಯ ಯಾರಿಗೆ ಬಂದೀತು? ಸೀತಾರಾಮಪ್ಪನವರು ಅವನ ಕೈಗೆ ಎಲೆ ಅಡಿಕೆ ಇಟ್ಟು, ನೀವೇ ಮುಂದೆ ನಿಂತು ನಡೆಸಿಕೊಡಬೇಕು ಎಂದರು. ವಾಸಪ್ಪ ಈ ಮಾತನ್ನು ನಿಜವೆಂದೇ ನಂಬಿದ.

ಎರಡನೆಯವನು ಹೊಸನಗರ ಪೇಟೆಯ ಕನ್ನಪ್ಪ. ಹಾಲು ಕೊಡುತ್ತದೆ ಎಂದು ಹೇಳಿ, ಒದೆಯುವುದನ್ನು ಬಿಟ್ಟು ಇನ್ನೇನೂ ಕೊಡದ ಎಮ್ಮೆಯೊಂದನ್ನು ಇವರಿಗೆ ಮಾರಿದ್ದ. ಅವತ್ತಿನಿಂದ ಎರಡು ಮನೆಗೂ ಮಾತಿಲ್ಲ. ಚೀಟಿಯಲ್ಲಿ ಪಿನ್ನಿನ ಜಾಗಕ್ಕೆ ‘ನಿಮಗ್ಯಾಕೆ’ ಎಂದು ಬರೆದಿದ್ದ. ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲವಾಗಿ ಸೀತಾರಾಮಪ್ಪನವರು ಅದನ್ನು ಸೊನ್ನೆ ಎಂದು ತರ್ಜುಮೆ ಮಾಡಿದ್ದರು. ಸೊನ್ನೆ ಎಂದ ಮೇಲೆ ಇನ್‌ವ್ಯಾಲಿಡ್. ಇನ್‌ವ್ಯಾಲಿಡ್ ಎಂದ ಮೇಲೆ ಮನೆಗೆ ಹೋಗಿ ಕರೆಯಬೇಕು. ಸೂತ್ರ ಅಂದರೆ ಸೂತ್ರ! ಎಲೆ ಅಡಿಕೆ ತೆಗೆದುಕೊಂಡ ಕನ್ನಪ್ಪ, ಎಮ್ಮೆಯ ವಿಷಯದಲ್ಲಿ ಸೀತಾರಾಮಪ್ಪ ಸೋಲೊಪ್ಪಿ ಮನೆಬಾಗಿಲಿಗೆ ಬಂದ ಎಂದು ಸಂಜೆಯೊಳಗೆ ಪೇಟೆಯಲ್ಲೆಲ್ಲ ಸಾರಿಕೊಂಡು ಬಂದ.

ಅತ್ತ ಅಂಚೆಯವರು ತಮ್ಮ ಕೆಲಸವನ್ನು ಎಂದೂ ಇಲ್ಲದ ಚುರುಕಿನಿಂದ ಮಾಡುತ್ತಿದ್ದರು. ಶಪಥದ ಪ್ರಕಾರ ಮೀಸೆಗೆ ಯಾವ ಅಪಾಯವೂ ಬರಲಿಲ್ಲ. ಕಾಗದಗಳೆಲ್ಲ ಮುಟ್ಟಿದವು. ಮುಟ್ಟಿದ್ದೇ ತೊಂದರೆಯಾದದ್ದು.

ಮೂರು ತಾಲೂಕಿನ ಬಸ್ಸುಗಳಲ್ಲೂ ಇದೇ ಮಾತು. ಯಾರೋ ವಾಸಪ್ಪನಂತೆ, ಅವನನ್ನು ಹುಡುಕಿಕೊಂಡು ಘಟ್ಟದ ಅಂಚಿಗೆ ಹೋದರಂತೆ. ಎಮ್ಮೆ ಕನ್ನಪ್ಪನನ್ನೂ ಕರೆದರಂತೆ. ಒಟ್ಟಿಗೆ ಹುಟ್ಟಿ ಬೆಳೆದ ನಮಗೆ ಮಾತ್ರ ಅಂಚೆಯಲ್ಲಿ ಕಾಗದ. ನಾವೇನು ಪಿನ್ ಸಮೇತ ವಿಳಾಸ ಬರೆದುಕೊಟ್ಟು ತಪ್ಪು ಮಾಡಿದೆವಾ? ಒಬ್ಬ ಚಿಕ್ಕಪ್ಪ ಸಿಟ್ಟಿನಿಂದ ಸೀತಾರಾಮಪ್ಪನವರ ಮನೆಯ ಮುಂದೆಯೇ ಹಾದು ಹೋದರು, ಮುಖ ಮಾತ್ರ ಎದುರು ಮನೆಯ ಕಡೆ ತಿರುಗಿಸಿಕೊಂಡಿದ್ದರು.

ಕೊನೆಗೆ ಕೆರಿಯಪ್ಪನವರ ಕಾರ್ಡು ಬಂತು. ಪೋಸ್ಟ್‌ಮ್ಯಾನ್ ಅದನ್ನು ಕೊಟ್ಟದ್ದು ವಿಶಾಲಮ್ಮನ ಕೈಗೆ. ಅದರಲ್ಲಿ ಇದ್ದದ್ದು ಇಷ್ಟು: ‘ಭಾವನವರಿಗೆ ನಮಸ್ಕಾರ. ತಾವು ಪೋಸ್ಟಿನಲ್ಲಿ ಹಾಕಿದ ಮದುವೆ ಕಾಗದ ಮುಟ್ಟಿತು. ಯಮುನಳಿಗೆ ನಮ್ಮ ಆಶೀರ್ವಾದವನ್ನೂ ಪೋಸ್ಟಿನಲ್ಲೇ ಕಳಿಸಿದೆ. ಅವಳನ್ನು ಮಂಟಪಕ್ಕೆ ಕರೆತರುವ ಕೆಲಸವನ್ನೂ ಪೋಸ್ಟ್‌ಮ್ಯಾನಿಗೇ ವಹಿಸಬೇಕಾಗಿ ವಿನಂತಿ.’ ವಿಳಾಸದ ಕೊನೆಗೆ ಸಾಗರದ ಪಿನ್ 577401, ಒಂದು ಅಂಕಿಯೂ ತಪ್ಪಿಲ್ಲದೆ.

ಸೀತಾರಾಮಪ್ಪನವರು ಆಫೀಸಿನಿಂದ ಬಂದಾಗ ವಿಶಾಲಮ್ಮ ಕಾರ್ಡನ್ನು ಕೈಯಲ್ಲಿ ಹಿಡಿದೇ ಜಗಲಿಯಲ್ಲಿ ಕೂತಿದ್ದರು.

“ನಮ್ಮಣ್ಣಂಗೆ ಪೋಸ್ಟಲ್ಲಿ ಹಾಕಿದ್ರಾ?”

“ಅವರ ಪಿನ್ ಸರಿ ಇತ್ತು, ವಿಶಾಲ.”

ಪ್ರಪಂಚದಲ್ಲಿ ಗಂಡಂದಿರು ಹೆಂಡತಿಯರಿಗೆ ಎಷ್ಟೋ ಬಗೆಯ ಉತ್ತರ ಕೊಟ್ಟಿದ್ದಾರೆ. ಇಂಥದ್ದನ್ನು ಕೊಟ್ಟವರು ಇರಲಿಕ್ಕಿಲ್ಲ. ವಿಶಾಲಮ್ಮ ಕೂಗಾಡಲಿಲ್ಲ. ಸೂತ್ರದ ಕಥೆಯನ್ನು ಪೂರ್ತಿ ಹೇಳಿಸಿಕೊಂಡರು. ಹುಲಿಕಲ್ಲಿನ ಬಸ್ಸು, ಹೋಟ್ಲಿನ ಬೆಂಚು, ಕೈ ಬೀಸಿದ್ದು, ಎಲ್ಲವೂ ಹೊರಬಂತು. ಕೈ ಬೀಸಿದ್ದು ಕೇಳಿದಾಗ ಮಾತ್ರ ಆಕೆಯ ಕಣ್ಣು ತುಂಬಿತು. ಎದ್ದು ಒಳಗೆ ಹೋದರು. ಆ ಮನೆಯಲ್ಲಿ ಅವತ್ತು ಕಾಫಿ ಆಗಲಿಲ್ಲ, ಮಾರನೇ ದಿನವೂ ಆಗಲಿಲ್ಲ.

ಅದೇ ಹೊತ್ತಿಗೆ ತೀರ್ಥಹಳ್ಳಿಯಿಂದ ಹುಡುಗನ ಅಪ್ಪ ಮಂಜುನಾಥಪ್ಪನವರು ಬಂದಿಳಿದರು. ಒಳ್ಳೆಯ ಮನುಷ್ಯ, ಗಟ್ಟಿಯಾಗಿ ಮಾತಾಡುವವರಲ್ಲ. ಬೆಲ್ಲ ನೀರು ಕುಡಿದು, ಲೋಟ ಕೆಳಗಿಟ್ಟು, ಬಸ್ಸಿನಲ್ಲಿ ಒಂದು ಸುದ್ದಿ ಕೇಳಿದೆ ಎಂದರು. ಹುಡುಗಿಯ ಸೋದರಮಾವ ಬರುವುದಿಲ್ಲವಂತೆ. ತಮಗೇನೂ ಇಲ್ಲ, ಆದರೆ ಮನೆಯಲ್ಲಿ ಹಿರಿಯರಿದ್ದಾರೆ. ಸೋದರಮಾವನೇ ಬಿಟ್ಟುಹೋದ ಮನೆಯ ಹೆಣ್ಣು ಎಂದು ನಾಳೆ ಯಾರಾದರೂ ಆಡಿದರೆ ಅದು ಹುಡುಗಿಯ ಬೆನ್ನಿಗೆ ಜೀವಮಾನ ಅಂಟಿಕೊಳ್ಳುತ್ತದೆ. ಒಂದು ಮಾತು ಸರಿಮಾಡಿಕೊಂಡು ಆಮೇಲೆ ಚಪ್ಪರದ ಕಂಬ ನೆಡೋಣ ಎಂದರು. ಒಳಗಿನ ಬಾಗಿಲ ಹಿಂದೆ ಯಮುನ ನಿಂತಿದ್ದಳು. ಅವಳು ಅಪ್ಪನ ಕಡೆ ನೋಡಿದಳು. ಅಷ್ಟು ದಿನ ತಮಾಷೆಯಂತಿದ್ದದ್ದು ಆಗ ಅವರಿಗೆ ನಿಜವಾಗಿ ಭಯ ಹುಟ್ಟಿಸಿತು.

ಮರುದಿನ ಬೆಳಗಿನ ಬಸ್ಸಿಗೆ ಗಂಡ ಹೆಂಡತಿ ಹೊರಟರು. ದಾರಿಯುದ್ದಕ್ಕೂ ಸೀತಾರಾಮಪ್ಪನವರ ಹೊಟ್ಟೆ ತೊಳಸಿತು. ವಿಶಾಲಮ್ಮ ನಿಂಬೆಹಣ್ಣು ತಂದಿದ್ದರು, ತಾವು ಮೂಸಿದರು, ಗಂಡನಿಗೆ ಕೊಡಲಿಲ್ಲ.

ಕೆರಿಯಪ್ಪನವರು ತಂಗಿಯನ್ನು ಬಾ ಎಂದು ಒಳಗೆ ಕಳಿಸಿದರು. ಭಾವನಿಗೂ ಕಾಲಿಗೆ ನೀರು ಸಿಕ್ಕಿತು, ಕೂರಲು ಚಾಪೆ ಸಿಕ್ಕಿತು. ಬೈಗುಳಕ್ಕೆ ತಯಾರಾಗಿ ಬಂದಿದ್ದ ಸೀತಾರಾಮಪ್ಪನವರಿಗೆ ಈ ಮರ್ಯಾದೆ ಕಂಡು ಧೈರ್ಯ ಬಂತು. ಚೀಲದಿಂದ ಎಲೆ ಅಡಿಕೆ ತೆಗೆಯಲು ಹೋದರೆ, ಅವಸರ ಏನು, ಊಟ ಆಗಲಿ ಎಂದರು ಕೆರಿಯಪ್ಪನವರು. ಅವತ್ತು ಬಸ್ಸಿನ ಕಿಟಕಿಯಲ್ಲಿ ಕಂಡ ಮೇಲೆ, ವಾಪಸ್ಸು ಬರುವಾಗ ಇಳಿದೇ ಇಳಿಯುತ್ತಾರೆ ಎಂದು ಮನೆಯವಳು ಕಡುಬಿಗೆ ಹಿಟ್ಟು ಮಾಡಿದ್ದಳು, ನಾನು ಹುಂಜ ಕಟ್ಟಿಹಾಕಿದ್ದೆ, ರಸ್ತೆ ನೋಡಿದ್ದೇ ನೋಡಿದ್ದು ಎಂದು ಸಹಜವಾಗಿ ಹೇಳಿದರು. ಬೈದಿದ್ದರೆ ಇದಕ್ಕಿಂತ ಹಗುರವಾಗುತ್ತಿತ್ತು.

ಒಳಗಿಂದ ಕೋಳಿ ಸಾರಿನ ಘಮ ಬಂತು. ಬಾಳೆ ಎಲೆಗಳು ಬಿದ್ದವು. ಕೆರಿಯಪ್ಪನವರಿಗೊಂದು, ವಿಶಾಲಮ್ಮನಿಗೊಂದು, ಮನೆಮಂದಿಗೆ ಒಂದೊಂದು. ಸೀತಾರಾಮಪ್ಪನವರ ಮುಂದೆ ನೆಲ ಮಾತ್ರ ಇತ್ತು.

“ಭಾವ, ನಿಮ್ಮ ಮನೆ ಪಿನ್ ಸರಿ ಇದ್ಯಾ?” ಎಂದು ಕೇಳಿದರು ಕೆರಿಯಪ್ಪನವರು. ಸೂತ್ರದ ಕಥೆ ಆಗಲೇ ತಂಗಿಯಿಂದ ಅವರ ಕಿವಿಗೆ ಬಿದ್ದಿತ್ತು.

ಇದೊಂದು ಪ್ರಶ್ನೆಗೆ ಸೀತಾರಾಮಪ್ಪನವರು ನಿದ್ದೆಯಲ್ಲೂ ಉತ್ತರ ಕೊಡುತ್ತಿದ್ದರು.

“ಸರಿ ಇದೆ. ಐದು ಏಳು ಏಳು, ನಾಲ್ಕು ಸೊನ್ನೆ ಒಂದು.”

“ಹಂಗಾದ್ರೆ ನಿಮ್ಮ ಊಟ ಪೋಸ್ಟಲ್ಲಿ ಬರತ್ತೆ,” ಎಂದು ಕೆರಿಯಪ್ಪನವರು ಕಡುಬು ಮುರಿದು ಸಾರಿಗೆ ಅದ್ದಿದರು.

ಎಲ್ಲರೂ ಬಹಳ ಶ್ರದ್ಧೆಯಿಂದ ಉಣ್ಣತೊಡಗಿದರು. ಸೀತಾರಾಮಪ್ಪನವರು ಹೆಂಡತಿಯ ಕಡೆ ನೋಡಿದರು. ಆಕೆ ಸಾರು ಖಾರವಾಗಿದೆ, ಚೆನ್ನಾಗಿದೆ ಎಂದು ಅತ್ತಿಗೆಗೆ ಹೇಳುತ್ತಿದ್ದರು. ಬಸ್ಸಿನಲ್ಲಿ ಇದ್ದಬದ್ದದ್ದೆಲ್ಲ ಖಾಲಿಯಾದ ಹೊಟ್ಟೆ ಈಗ ಗುರುಗುಟ್ಟಿತು, ಇಡೀ ಪಂಕ್ತಿಗೆ ಕೇಳಿಸುವ ಹಾಗೆ. ನಾಲ್ಕು ಜನ ಉಣ್ಣುವಾಗ ಬರಿ ನೆಲದ ಮುಂದೆ ಕೂರುವುದು ಎಂಥದ್ದು ಎಂದು ಅವರಿಗೆ ಅರ್ಥವಾಯಿತು. ಹೋಟ್ಲಿನ ಮುಂದೆ ಎದ್ದು ನಿಂತು ಪಂಚೆ ಸರಿಮಾಡಿಕೊಂಡವರ ಮುಖವೂ ಆಗಲೇ ನೆನಪಾಯಿತು. ಸಂಘದ ಕೋಣೆ, ಟೋಪಿ, ಡಾಲರು, ಬೆಂಗಳೂರಿನ ತರಬೇತಿ ಎಲ್ಲವನ್ನೂ ಒಟ್ಟಿಗೆ ನುಂಗಿಕೊಂಡು ಅವರು ಬಾಯಿ ಬಿಟ್ಟರು.

“ಭಾವ, ನನ್ನ ಪಿನ್ ತಪ್ಪು.”

“ಏನಂದ್ರಿ?”

“ತಪ್ಪು. ಇನ್‌ವ್ಯಾಲಿಡ್. ನಮ್ಮನೇಲಿ ಯಾರ ಪಿನ್ನೂ ಸರಿಯಿಲ್ಲ. ನೀವು ಬಂದು ಯಮುನನ್ನ ಮಂಟಪಕ್ಕೆ ಕರ್ಕೊಂಡು ಬರದೆ ಇದ್ರೆ ಅದು ಸರಿ ಆಗೋದೂ ಇಲ್ಲ.”

ಕೆರಿಯಪ್ಪನವರು ಕೈಯಲ್ಲಿದ್ದ ತುತ್ತನ್ನು ಎಲೆಯಲ್ಲೇ ಬಿಟ್ಟರು. ಒಳಗೆ ತಿರುಗಿ, ಭಾವಂಗೆ ಅಗಲದ ಎಲೆ ಹಾಕು ಎಂದು ಹೆಂಡತಿಗೆ ಹೇಳಿದರು. ಎಲೆ ಬಂತು, ಕಡುಬು ಬಂತು, ಸಾರೂ ಬಂತು. ಸೀತಾರಾಮಪ್ಪನವರ ಕಣ್ಣಲ್ಲಿ ನೀರೂ ಬಂತು. ಖಾರಕ್ಕೆ ಎಂದು ಅವರು ಹೇಳಿದರು.

ಕೈ ತೊಳೆದ ಮೇಲೆ ಕೆರಿಯಪ್ಪನವರು ಎಲೆ ಅಡಿಕೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಸೊಸೆ ನನ್ನ ಕೈ ಹಿಡಿದೇ ಮಂಟಪಕ್ಕೆ ಬರುತ್ತಾಳೆ, ಆ ಚಿಂತೆ ಬಿಡಿ ಎಂದರು. ಸೀತಾರಾಮಪ್ಪನವರು ಸಂಜೆಯ ಬಸ್ಸಿಗೆ ಸಾಗರ ಸೇರಿಕೊಳ್ಳೋಣ ಎಂದು ಚೀಲ ಎತ್ತಿಕೊಂಡರು. ಕೆರಿಯಪ್ಪನವರು ಅದನ್ನು ಮೆಲ್ಲಗೆ ಅವರ ಕೈಯಿಂದ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡರು.

“ಪಿನ್ ಸರಿ ಇರೋ ಬಾಕಿ ಮನೆಗಳಿಗೆಲ್ಲ ಹೋಗ್ಬೇಕಲ್ಲ ಭಾವ, ನಾನೂ ಬರ್ತೀನಿ. ಮೊದಲು ತೀರ್ಥಹಳ್ಳಿ ಕಡೆ ಮುಗಿಸೋಣ. ಬಸ್ಸಲ್ಲಿ ಕಿಟಕಿ ಪಕ್ಕ ನೀವೇ ಕೂತ್ಕೊಳ್ಳಿ.”

ಸೀತಾರಾಮಪ್ಪನವರು ಮುಳುಗುವವರ ಹಾಗೆ ಹೆಂಡತಿಯ ಕಡೆ ನೋಡಿದರು. ಅಷ್ಟು ಮನೆ ಸುತ್ತಲು ವಾರವೇ ಹಿಡಿದೀತು, ನಾಳೆ ಬೆಳಿಗ್ಗೆ ಆಫೀಸು ಇದೆ, ಕಂಪ್ಯೂಟರ್ ಕೋಣೆಯ ಬೀಗದ ಕೈ ತಮ್ಮ ಹತ್ತಿರವೇ ಇದೆ, ರಜೆಗೆ ಕಾರ್ಯದರ್ಶಿಗಳನ್ನು ಖುದ್ದಾಗಿ ಕಂಡು ಕೇಳದಿದ್ದರೆ ಅವರಿಗೆ ಅವಮಾನವಾಗುತ್ತದೆ ಎಂದು ತೊದಲಿದರು.

ವಿಶಾಲಮ್ಮ ಎರಡು ದಿನದ ಮೇಲೆ ಮೊದಲ ಸಲ ಗಂಡನ ಮುಖ ನೋಡಿ ಮಾತಾಡಿದರು.

“ರಜೆ ಅರ್ಜಿ ಪೋಸ್ಟಲ್ಲಿ ಹಾಕಿ. ಪಿನ್ ಸರಿಯಾಗಿ ಬರೀರಿ.”